ಮಿಸಳ್, ಪಾವ್ ಮತ್ತು ನಮ್ಮತ್ತೆಯ ಬೆನ್ನು

ಈಗೀಗ ನಾನು ಕನ್ನಡಕವನ್ನು ದಿನಕ್ಕೆ ಐದಾರು ಸಲ ಒರೆಸುತ್ತೇನೆ. ಮುದುಕಿಗೆ ಕಣ್ಣು ಮಂಜಾಯಿತು ಎಂದು ನೀವು ಮರುಕಪಡಬೇಕಾಗಿಲ್ಲ. ಎರಡೂ ಕಣ್ಣಿನ ಕ್ಯಾಟರ್ಯಾಕ್ಟ್ ಆಪರೇಷನ್ ಆಗಿಹೋಗಿದೆ, ಥ್ಯಾಂಕ್ ಗಾಡ್. ಇದು ಬೇರೆ ಮಂಜು. ನಮ್ಮ ಮನೆಯಲ್ಲಿ ಎರಡು ಕಾಕಟೀಲ್ ಹಕ್ಕಿಗಳಿವೆ. ತಲೆಯ ಮೇಲೆ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಬೊಟ್ಟು, ಗಿಳಿಯ ದೂರದ ಸಂಬಂಧಿಕರು ಅನ್ನಿ. ಅವು ಮೈ ಕೊಡವಿದಾಗಲೆಲ್ಲ ಗರಿಯೊಳಗಿಂದ ನಯವಾದ ಬಿಳಿ ಪುಡಿ ಹಾರುತ್ತದೆ. ಟೀವಿಗೆ, ದೇವರ ಫೋಟೋಗೆ, ನನ್ನ ಕನ್ನಡಕಕ್ಕೆ, ಎಲ್ಲಕ್ಕೂ ಟಾಲ್ಕಮ್ ಪೌಡರ್ ಹಚ್ಚಿದ ಹಾಗೆ ಆಗುತ್ತದೆ. ಸೆರಗಿನ ತುದಿಯಿಂದ ಒರೆಸುತ್ತೇನೆ, ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ.

ಒರೆಸುವಾಗ ಅಪ್ಪ ನೆನಪಾಗುತ್ತಾನೆ. ಅವನ ಕನ್ನಡಕದ ಮೇಲೂ ಸದಾ ಪುಡಿ ಇರುತ್ತಿತ್ತು, ಆದರೆ ಅದು ಕಂದು ಬಣ್ಣದ್ದು. ನಿಪ್ಪಾಣಿಯಲ್ಲಿ ನಮ್ಮದು ತಂಬಾಕಿನ ವಖಾರಿ, ಅಂದರೆ ಗೋದಾಮು. ಮನೆ ಹಿಂದೆ, ವಖಾರಿ ಮುಂದೆ. ಗಾಳಿ ಬೀಸಿದರೆ ಹೊದಿಕೆ, ಹಾಲಿನ ಕೆನೆ, ಅವ್ವನ ಮಲ್ಲಿಗೆ ದಂಡೆ ಯಾವುದೂ ಬಚಾವಾಗುತ್ತಿರಲಿಲ್ಲ. ನಮಗೆ ಅದು ವಾಸನೆಯೇ ಅಲ್ಲ, ಗಾಳಿ ಇರುವುದೇ ಹಾಗೆ ಎಂದುಕೊಂಡು ಬೆಳೆದವರು ನಾವು. ಹತ್ತನೆಯ ವರ್ಷಕ್ಕೆ ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಮೊದಲ ರಾತ್ರಿ ಟ್ರಂಕಿನ ಮುಚ್ಚಳ ತೆಗೆದೆ. ಒಂದು ಹುಡುಗಿ ಸೀನಿದಳು. ಎರಡನೆಯವಳು ಸೀನಿದಳು. ಅರ್ಧ ಗಂಟೆಯಲ್ಲಿ ಇಡೀ ಡಾರ್ಮಿಟರಿಯೇ ಸೀನುತ್ತಿತ್ತು. ಸಿಸ್ಟರ್ ಬಂದು, ನನ್ನ ಫ್ರಾಕುಗಳನ್ನು ಎರಡು ಬೆರಳಿನಲ್ಲಿ ಎತ್ತಿ ಹಿತ್ತಲಿನ ತಂತಿಗೆ ಮೂರು ದಿನ ಒಣಹಾಕಿದರು. ಊರಿನ ವಾಸನೆ ಹೋಗುವವರೆಗೆ ನನ್ನ ಪಕ್ಕದ ಮಂಚಕ್ಕೆ ಯಾರೂ ಬರಲಿಲ್ಲ. ಹೊಸ ಜಾಗದಲ್ಲಿ ಹೊಂದಿಕೊಳ್ಳುವುದು ಎಂದರೇನು ಎಂಬುದರಲ್ಲಿ ನನಗೆ ಅಲ್ಪಸ್ವಲ್ಪ ಎಕ್ಸ್‌ಪೀರಿಯನ್ಸ್ ಇದೆ ಎಂದು ಹೇಳುವುದಕ್ಕೆ ಇಷ್ಟೆಲ್ಲ ಪೀಠಿಕೆ.

ಹಕ್ಕಿಗಳಿಗೆ ಬರುತ್ತೇನೆ.

ಅಥಣಿಯಿಂದ ಸತ್ತಿಗೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿ ಪಡದ ನಡುವೆ ನಮ್ಮ ತೋಟದ ಮನೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷದ ಮೇಲಾಯಿತು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಮೊಮ್ಮಗ ಸಮರ್ಥನ ಮದುವೆಯಾಯಿತು. ಹುಡುಗಿ ಮಧುರಾ, ಕೊಲ್ಹಾಪುರದವಳು. ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಮದುವೆಯಾಗಿ ಹದಿನೈದು ದಿನಕ್ಕೆ ನಡೆಯಲು ಬಂದಳು. ಗಂಡನ ಮನೆಯಲ್ಲಿ ಬಾಳುವುದಕ್ಕೆ ಮೊದಲ ಸಲ ಬರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ, ಕಾರಿನಲ್ಲಿ ಬಂದರೂ ಅದು ನಡೆಯಲು ಬಂದದ್ದೇ. ಅವತ್ತು ಬುಧವಾರ. ಕಾರಿನಿಂದ ಮೊದಲು ಇಳಿದದ್ದು ಸೊಸೆಯಲ್ಲ, ಒಂದು ದೊಡ್ಡ ಪಂಜರ. ಒಳಗೆ ಒಂದು ಬೂದು ಹಕ್ಕಿ, ಒಂದು ಬಿಳಿ ಹಳದಿ ಹಕ್ಕಿ.

"ಇವರ ಹೆಸರೇನವಾ?" ಎಂದೆ ಮರಾಠಿಯಲ್ಲಿ. ನಿಪ್ಪಾಣಿಯವಳಿಗೆ ಮರಾಠಿ ಕಲಿಸಬೇಕೆ?

"ಹಾ ಮಿಸಳ್. ಹೀ ಪಾವ್," ಎಂದಳು ಗಂಭೀರವಾಗಿ. ಬೂದು ಗಂಡು ಮಿಸಳ್, ತೆಳುಹಳದಿ ಹೆಣ್ಣು ಪಾವ್. ತಮ್ಮೂರಿನ ಖಾರದ ತಿಂಡಿಯ ಹೆಸರನ್ನು ಕೊಲ್ಹಾಪುರದವರು ಮಕ್ಕಳಿಗೂ ಇಟ್ಟಾರು ಎಂದು ನನಗೆ ನಗು ಬಂತು, ನುಂಗಿಕೊಂಡೆ.

ನನ್ನ ಮೈದುನ ರಾಯಗೌಡ ಪಂಜರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ವೈನಿ, ಇದೇನ್ರಿ ಇದು? ನಾವು ಹಕ್ಕಿ ಹೊಡದ ಹೊಡದ ರಟ್ಟಿ ಹರಕೊಂಡಿವಿ. ಈಕಿ ಕಾರ್ ಮಾಡಕೊಂಡ ಮನೀಗೆ ತಂದಾಳಲ್ಲ!"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾಯಿಗೆ ಸಿಹಿ ಇಳಿಯುವ ಕಾಲ ಅದು. ಗಿಳಿ, ಗೊರವಂಕ, ಬುಲ್‌ಬುಲ್ ಎಲ್ಲಕ್ಕೂ ನಮ್ಮ ಪಡದ ಅಡ್ರೆಸ್ ಬಾಯಿಪಾಠ. ಮುಂಜಾನೆಯಿಂದ ಸಂಜೆಯವರೆಗೆ ರಾಯಗೌಡ ಖಾಲಿ ಎಣ್ಣೆಡಬ್ಬಿ ಬಡಿಯುತ್ತ ಸಾಲು ಸಾಲು ತಿರುಗುತ್ತಾನೆ. ಅರವತ್ತು ದಾಟಿದರೂ ಆ ಡಬ್ಬಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಮೂರು ತಲೆಮಾರಿನಿಂದ ಈ ಮನೆಯವರು ಹಕ್ಕಿಗಳ ಜೊತೆ ಆಡಿದ್ದು ಒಂದೇ ಮಾತು, "ಹೋಯ್!"

ಹೊಸ್ತಿಲಲ್ಲೇ ಮೊದಲ ಎಡವಟ್ಟಾಯಿತು. ರಾಯಗೌಡನ ಹೆಂಡತಿ, ನನ್ನ ನೆಗೆಣ್ಣಿ ಗಂಗವ್ವ ದೃಷ್ಟಿ ತೆಗೆಯುವುದರಲ್ಲಿ ಊರಿಗೇ ಹೆಸರಾದವಳು. ಹೊಸ ಸೊಸೆ, ಹೊಸ ಟ್ರ್ಯಾಕ್ಟರು, ಹೊಸ ಫ್ರಿಜ್, ಯಾರೇ ಬರಲಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕದೆ ಒಳಗೆ ಬಿಡುವವಳಲ್ಲ. ಸೊಸೆಗೆ ನಿವಾಳಿಸಿದಳು. "ಇವಕ್ಕೂ ಒಂದ್ಸಲ ತಗದಬಿಡೂನು, ಎಷ್ಟ ಚಂದ ಅದಾವ," ಎಂದು ಪಂಜರಕ್ಕೂ ನಿವಾಳಿಸಿ, ಕೆಂಡದ ಬೋಗುಣಿಯನ್ನು ಪಂಜರದ ಬುಡಕ್ಕೇ ತಂದು ಮುಷ್ಟಿ ತುಂಬ ಬ್ಯಾಡಗಿ ಮೆಣಸಿನಕಾಯಿ ಸುರಿಯಲು ಕೈ ಎತ್ತಿದಳು.

"ಧೂರ ನಕೋ! ಮರತೀಲ ತೀ!"

ಹೊಗೆ ಬೇಡ, ಅವು ಸಾಯುತ್ತವೆ. ಕಿರುಚಿದವಳು ಮಧುರಾ. ಈ ಮನೆಯ ಹೊಸ್ತಿಲಲ್ಲಿ ಅವಳ ಮೊಟ್ಟಮೊದಲ ಮಾತು ಅದು, ಅದೂ ಹಿರಿಯರ ಮೇಲೆ, ಅದೂ ಆರತಿ ತಟ್ಟೆಯ ಎದುರಿಗೆ. ಹಕ್ಕಿಯ ಪುಪ್ಪುಸ ಎಷ್ಟು ನಾಜೂಕು, ಅಡುಗೆಮನೆಯ ಕಮಟು ಹೊಗೆ ಕೂಡ ಅದಕ್ಕೆ ವಿಷ ಎಂದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ನಮಗೆ ಕಂಡದ್ದು ಮುಖ ಕೆಂಪಾಗಿ ನಿಂತ ಮದುಮಗಳು, ಎತ್ತಿದ ಕೈ ಎತ್ತಿದಂತೆ ನಿಂತ ಗಂಗವ್ವ. ನೋಡಲು ಬಂದಿದ್ದ ಹೆಂಗಸರಲ್ಲಿ ಯಾರೋ "ದನಿ ಜೋರೈತಿ ಬಿಡ್ರಿ ಹುಡುಗೀದು," ಎಂದರು. ಮಧುರಾಳಿಗೆ ಕನ್ನಡ ಅರ್ಥವಾಗುತ್ತದೆ ಎಂದೆನಲ್ಲ. ಬೇರೆ ಮಾತೆಲ್ಲ ಬಿಟ್ಟು ಅದೊಂದೇ ಚೆನ್ನಾಗಿ ಅರ್ಥವಾಯಿತು.

ಅಂದಿನಿಂದ ಹುಡುಗಿ ಬಾಯಿ ಮುಚ್ಚಿದಳು. ಮಾತಿಗಷ್ಟೇ ಅಲ್ಲ, ಊಟಕ್ಕೂ. ತಾಟಿನ ಮುಂದೆ ಕೂತು ರೊಟ್ಟಿಯ ಒಂದು ಚೂರನ್ನೇ ಮುರಿಯುತ್ತ, ಮತ್ತೆ ಮುರಿಯುತ್ತ ಇರುತ್ತಿದ್ದಳು. "ಪುರೇ," ಸಾಕು, ಎಂದು ಎದ್ದುಬಿಡುತ್ತಿದ್ದಳು.

ಹಕ್ಕಿಗಳದ್ದೂ ಅದೇ ಹಣೆಬರಹ. ಬಂದ ಅತಿಥಿಗೆ ಮನೆಯ ಒಳ್ಳೆಯ ಜಾಗ ಕೊಡಬೇಕಲ್ಲವೆ? ಪಡಸಾಲೆಯ ದೊಡ್ಡ ಕಿಟಕಿಯಲ್ಲಿ, ಪಡ ಕಾಣುವ ಹಾಗೆ ಪಂಜರ ಇಟ್ಟೆವು. ಗಾಳಿ, ಬೆಳಕು, ವ್ಯೂ, ಫಸ್ಟ್ ಕ್ಲಾಸ್. ಹತ್ತು ಮಾರು ದೂರದಲ್ಲಿ ರಾಯಗೌಡನ ಡಬ್ಬಿ. ಡಣ್ ಎಂದಾಗಲೆಲ್ಲ ಎರಡೂ ಹಕ್ಕಿ ಪಂಜರದ ಮೂಲೆಗೆ ಅಪ್ಪಳಿಸುತ್ತಿದ್ದವು. ಕಾಕಟೀಲಿನ ಜುಟ್ಟು ಅದರ ಥರ್ಮಾಮೀಟರ್ ಇದ್ದ ಹಾಗೆ. ಸಮಾಧಾನವಿದ್ದರೆ ಅರ್ಧ ಬಾಗಿರುತ್ತದೆ, ಹೆದರಿದರೆ ನೆಟ್ಟಗೆ ನಿಲ್ಲುತ್ತದೆ. ಗುರುವಾರ ಇಡೀ ದಿನ ಎರಡು ಜುಟ್ಟುಗಳೂ ಗುಡಿಯ ಕಳಸದಂತೆ ನೆಟ್ಟಗೇ ಇದ್ದವು. ಬಟ್ಟಲಿನ ಕಾಳು ಹಾಕಿದಷ್ಟೇ ಇತ್ತು.

ನನ್ನ ಮಗ, ಅವನ ಹೆಂಡತಿ, ಸಮರ್ಥ ಎಲ್ಲರೂ ಹಣ್ಣು ಕೊಯ್ಯುವ ಗಡಿಬಿಡಿಯಲ್ಲಿ ಹೊತ್ತು ಮೂಡುವ ಮೊದಲೇ ಪಡಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಗಂಗವ್ವ, ಮಧುರಾ ಮತ್ತು ಮೊಳಕಾಲು ಕೈಕೊಟ್ಟ ನಾನು. ಆದ್ದರಿಂದ ಹಕ್ಕಿಗಳ ಚಾರ್ಜ್ ನಾನೇ ತೆಗೆದುಕೊಂಡೆ. ನನ್ನದು ಕಾನ್ವೆಂಟ್ ಮೆಥಡ್. ಪಂಜರದ ಎದುರಿಗೆ ಕುರ್ಚಿ ಹಾಕಿಸಿದೆ. "ಗುಡ್ ಮಾರ್ನಿಂಗ್ ಮಿಸಳ್, ಗುಡ್ ಮಾರ್ನಿಂಗ್ ಪಾವ್," ಎಂದೆ. ಯಾರನ್ನಾದರೂ ಮಾತನಾಡಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಅದು ಮ್ಯಾನರ್ಸ್, ಎಂದು ಸಿಸ್ಟರ್ ಕಲಿಸಿದ್ದರು. ಹಾಗೇ ನೋಡಿದೆ. ಕಬ್ಬೂರಿನ ನೆಂಟರ ಮನೆಯಿಂದ ತರಿಸಿದ ನವಣೆಯ ತೆನೆಯನ್ನು ಸರಳಿನೊಳಗೆ ತೂರಿಸಿ, "ಕಮ್ ಆನ್ ಡಾರ್ಲಿಂಗ್, ಜಸ್ಟ್ ಒನ್ ಬೈಟ್," ಎಂದು ಬೇಡಿಕೊಂಡೆ. ಮಿಸಳ್ ಹಾವಿನಂತೆ ಬುಸ್ಸೆಂದಿತು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ನನ್ನ ಬೆನ್ನ ಹಿಂದೆ ಮಧುರಾ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಶುಕ್ರವಾರ ಸಂಜೆ ಫೋನು ಬಂತು. ಅವಳ ಅಪ್ಪನದು. ಮಾತು ಮುಗಿಸಿ ನನ್ನ ಹತ್ತಿರ ಬಂದು ನೆಲ ನೋಡುತ್ತ ನಿಂತಳು. ಹಕ್ಕಿಗಳು ಹೀಗೇ ಉಪವಾಸವಿದ್ದರೆ ಉಳಿಯುವುದಿಲ್ಲ, ಭಾನುವಾರ ಅಪ್ಪ ಬಂದು ಕೊಲ್ಹಾಪುರಕ್ಕೆ ಒಯ್ಯುತ್ತಾರಂತೆ. ಅಷ್ಟು ಹೇಳಿ, ಬಹಳ ಸಣ್ಣ ದನಿಯಲ್ಲಿ, "ಮೀ ಪಣ ಜಾತೇ, ಆಜೀ. ದೋನ ದಿವಸ," ಎಂದಳು. ನಾನೂ ಹೋಗುತ್ತೇನೆ ಅಜ್ಜಿ, ಎರಡು ದಿನ.

ಎರಡು ದಿನ! ನಡೆಯಲು ಬಂದು ವಾರ ತುಂಬುವ ಮೊದಲು ತವರಿಗೆ ಹೋದ ಹುಡುಗಿಯ ಎರಡು ದಿನ ಎಷ್ಟು ಉದ್ದ ಬೆಳೆಯುತ್ತದೆ ಎಂದು ನನಗೆ ಗೊತ್ತು. ಹೊಸ್ತಿಲಲ್ಲಿ ಕಿರುಚಿದ್ದಕ್ಕೆ ಕಳಿಸಿದರು ಎಂದು ಅವರ ಊರವರು ಅಂದಾರು. ಬಂದ ನಾಲ್ಕೇ ದಿನಕ್ಕೆ ಓಡಿದಳು ಎಂದು ನಮ್ಮೂರವರು ಅಂದಾರು. ಇಬ್ಬರ ಬಾಯಿಗೂ ನಾಲ್ಕು ಕಾಳು ಸಿಕ್ಕರೆ ಸಾಕು. ಹಕ್ಕಿ ಉಣ್ಣಬೇಕು. ಶನಿವಾರದೊಳಗೆ ಉಣ್ಣಬೇಕು. ಹಕ್ಕಿ ನಿಂತರೆ ಹುಡುಗಿ ನಿಲ್ಲುತ್ತಾಳೆ.

ನಾನು ಮತ್ತೆ ಕುರ್ಚಿಯಲ್ಲಿ ಕೂತು "ಪ್ಲೀಸ್" ಎನ್ನಲು ಶುರುಮಾಡಿದೆ. ಪಡದಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದ ರಾಯಗೌಡ ಒಂದು ಗಳಿಗೆ ನೋಡಿದ.

"ವೈನಿ, ಸಿಟ್ಟಿಗೇಳಬ್ಯಾಡ್ರಿ. ಹಿಂಗ ಎದರಾ ಎದರ ಕುಂತ ಮಾರಿ ತಿನ್ನಾಂಗ ನೋಡಿದ್ರ ಎಮ್ಮಿ ಸೈತ ಮೇವ ಮುಟ್ಟಾಂಗಿಲ್ಲ. ಅವ್ವ ಹೊಸಾ ಎಮ್ಮಿ ಮುಂದ ಹೆಂಗ ಕುಂದರತಿದ್ಲು, ಮರತ್ರೇನ?"

ಮರೆತಿರಲಿಲ್ಲ. ಆದರೆ ಅದನ್ನು ಹೇಳಬೇಕಾದರೆ ನಾನು ನಿಮ್ಮನ್ನು ಐವತ್ತು ವರ್ಷ ಹಿಂದಕ್ಕೆ ಕರೆದೊಯ್ಯಬೇಕು.

ನಾನು ಈ ಮನೆಗೆ ಬಂದಾಗ ನನಗೆ ಇಪ್ಪತ್ತು. ಇಂಗ್ಲಿಷಿನಲ್ಲಿ ಕನಸು ಕಾಣುತ್ತಿದ್ದೆ, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ದಿನ ಅತ್ತೆ ತಂಬಿಗೆಯಲ್ಲಿ ನೀರು ಕೊಟ್ಟರು, ನಾನು "ಥ್ಯಾಂಕ್ಯೂ" ಎಂದೆ. ಅಡುಗೆಮನೆ ತುಂಬ ಹೆಂಗಸರು, ಬಿದ್ದು ಬಿದ್ದು ನಕ್ಕರು. ಊಟಕ್ಕೆ ಚಮಚ ಕೇಳಿದೆ, ಮತ್ತೆ ನಕ್ಕರು. ಒಬ್ಬರಲ್ಲೂ ಕೆಟ್ಟತನವಿರಲಿಲ್ಲ, ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ಹಿಂದಿನ ಕಾಳಿನ ಕೋಲಿಯಲ್ಲಿ, ಚೀಲ ಒಟ್ಟುವ ಕೋಣೆಯಲ್ಲಿ, ಹೋಗಿ ಕೂತೆ. ಕೂತವಳು ಎರಡು ದಿನ ಏಳಲಿಲ್ಲ. ಜೋಳದ ಚೀಲಗಳ ನಡುವೆ ಮಂಡಿಗೆ ಮುಖ ಹಚ್ಚಿ ಕೂತ ಮದುಮಗಳನ್ನು ನೋಡಲು ಪಾಳಿ ಹಚ್ಚಿ ಬಂದರು. ಒಬ್ಬೊಬ್ಬರೂ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಗದ್ದ ಹಿಡಿದೆತ್ತಿ, "ಉಣ್ಣವಾ, ಒಂದ ತುತ್ತ ಉಣ್ಣ," ಎನ್ನುವುದು. ಅಷ್ಟು ಕಣ್ಣುಗಳ ಎದುರಿಗೆ ತುತ್ತು ಬಾಯಿಗೆ ಒಯ್ಯುವುದಾದರೂ ಹೇಗೆ?

ಮೂರನೆಯ ದಿನ ಮಧ್ಯಾಹ್ನ ಅತ್ತೆ ಬಂದರು. "ಎಲ್ಲಾರೂ ಹೊರಗ ನಡೀರಿ. ಏನ ಜಾತ್ರಿ ಐತೇನ ಇಲ್ಲಿ?" ಎಂದು ಎಲ್ಲರನ್ನೂ ಅಟ್ಟಿದರು. ಇನ್ನು ನನ್ನ ಸರದಿ ಎಂದು ನಾನು ಹೆದರಿ ಮುದುಡಿದೆ. ಅವರು ನನ್ನತ್ತ ನೋಡಲೇ ಇಲ್ಲ. ಒಂದು ಬುಟ್ಟಿ ಶೇಂಗಾ ತಂದು, ಹೊಸ್ತಿಲ ಒಳಗೆ, ನನಗೆ ಬೆನ್ನು ಹಾಕಿ ಕೂತು ಸುಲಿಯತೊಡಗಿದರು. ಕಟ್, ಕಟ್. ಅಂಗಳದ ಕೋಳಿಗೆ ಬೈದರು. ಜೋಳಕ್ಕೆ ಹುಳ ಬಿದ್ದದ್ದನ್ನು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಗಂಟು ಬಿಚ್ಚಿ ರೊಟ್ಟಿ, ನಾವು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ತೆಗೆದು ಉಣ್ಣತೊಡಗಿದರು. ಅರ್ಧ ರೊಟ್ಟಿ, ಒಂದು ಹೋಳು ಉಳ್ಳಾಗಡ್ಡಿಯನ್ನು ತಾಟಿನಲ್ಲಿಟ್ಟು, ತಿರುಗದೆ, ಕೈಯನ್ನಷ್ಟೇ ಹಿಂದಕ್ಕೆ ಮಾಡಿ ನನ್ನ ಕಡೆ ಸರಿಸಿದರು.

ಮನುಷ್ಯರಿಗೆ ಬೆನ್ನು ತೋರಿಸಿ ಕೂರುವುದು ಎಂಥ ಬ್ಯಾಡ್ ಮ್ಯಾನರ್ಸ್! ನನ್ನನ್ನು ಕಂಡರೆ ಇವರಿಗೆ ಆಗುವುದಿಲ್ಲ ಎಂದು ಖಾತ್ರಿಯಾಯಿತು. ಆದರೆ ಯಾರ ಕಣ್ಣೂ ಮೈಮೇಲೆ ಇಲ್ಲದ್ದರಿಂದ ಹಸಿವು ತಾನಾಗಿ ಎದ್ದು ಕೂತಿತು. ಚೂರು ಮುರಿದೆ. ಇನ್ನೊಂದು ಚೂರು. ಆಮೇಲೆ ನಾಚಿಕೆ ಬಿಟ್ಟು ಗಬಗಬ ತಿಂದೆ, ಉಳ್ಳಾಗಡ್ಡಿಯನ್ನೂ ಕರಕರ ಕಡಿದೆ. ಆ ಸದ್ದು ಅವರಿಗೆ ಕೇಳಿಸಿರಲೇಬೇಕು. ಅವರು ತಿರುಗಲಿಲ್ಲ. ಊಟ ಮುಗಿಸಿ ಮತ್ತೆ ಸುಲಿಯತೊಡಗಿದ್ದ ಕೈ ಮಾತ್ರ ಸ್ವಲ್ಪ ಹೊತ್ತು ನಿಂತಿತು, ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡರು. ಉಳ್ಳಾಗಡ್ಡಿ ಖಾರ ಇರಬೇಕು ಎಂದುಕೊಂಡೆ. ಮತ್ತೆ ಕಟ್, ಕಟ್.

ಮರುದಿನವೂ ಹಾಗೇ ಕೂತರು, ಇನ್ನೊಂದು ಮೊಳ ಹತ್ತಿರ. ಅದರ ಮರುದಿನ ಬುಟ್ಟಿಯನ್ನೇ ಹಿಂದಕ್ಕೆ ಸರಿಸಿ, "ಇದಿಷ್ಟ ಸುಲಿ, ನನ್ನ ಉಗರ ಸೋತಾವ," ಎಂದರು. ಸುಲಿದೆ. ಹಾಗೆ ನಾನು ಈ ಮನೆಯವಳಾದೆ.

ಇಷ್ಟೇ ಆಗಿದ್ದರೆ ಸುಖವಾಗಿ ಇರುತ್ತಿದ್ದೆ. ತಿಂಗಳ ಮೇಲೆ ಹಾರೂಗೇರಿಯಿಂದ ಒಂದು ಹೊಸ ಎಮ್ಮೆ ತಂದರು. ಅದು ಮೇವು ಮುಟ್ಟಲಿಲ್ಲ, ಕಣ್ಣು ಅಗಲಿಸಿ ಹಗ್ಗ ಜಗ್ಗುತ್ತ ನಿಂತಿತು. ಅತ್ತೆ ಒಂದು ಬುಟ್ಟಿ ಶೇಂಗಾ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಎಮ್ಮೆಗೆ ಬೆನ್ನು ಹಾಕಿ ಕೂತರು. ಕಟ್, ಕಟ್. ಗಂಟು ಬಿಚ್ಚಿ ರೊಟ್ಟಿ ಉಂಡರು. ಅರ್ಧ ರೊಟ್ಟಿಯನ್ನು ತಿರುಗದೆ ಹಿಂದಕ್ಕೆ ಸರಿಸಿದರು! ಕಬ್ಬೂರಿನ ದನಗಾರರ ಮನೆಯ ಮಗಳು ಅವರು, ಹುಟ್ಟಿದಾಗಿನಿಂದ ಕಲಿತ ವಿದ್ಯೆ ಅದು. "ಮಾರಿ ತೋರಿಸಿದ್ರ ಅದಕ ಅಂಜಿಕಿ. ಬೆನ್ನ ತೋರಸು, ತಾನ ಬರತೈತಿ," ಎಂದು ಆಗ ಸಣ್ಣವನಾಗಿದ್ದ ರಾಯಗೌಡನಿಗೆ ಪಾಠವನ್ನೂ ಹೇಳುತ್ತಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತ ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಬೆಳಗಾವಿಯ ಗೆಳತಿಗೆ ನಾಲ್ಕು ಪುಟದ ಇಂಗ್ಲಿಷ್ ಲೆಟರ್ ಬರೆದೆ. ಸಾರಾಂಶ ಇಷ್ಟು: ಡಿಯರ್, ಈ ಮನೆಯಲ್ಲಿ ಸೊಸೆಗೂ ಎಮ್ಮೆಗೂ ಒಂದೇ ಸಿಲಬಸ್.

ಈ ಸಿಟ್ಟು ಎಷ್ಟು ವರ್ಷ ಇತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಅದು ತಮಾಷೆಯ ಕಥೆಯಾಯಿತು, ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಅತ್ತೆ ಎದುರಿಗಿದ್ದಾಗಲೂ ಹೇಳಿದ್ದೇನೆ. ಅವರು ನಗುತ್ತ, "ಎಮ್ಮಿ ಲಗೂ ಹೊಂದಿತ್ರಿ, ಈಕೀನ ತಡಾ ಮಾಡಿದ್ಲು," ಎನ್ನುತ್ತಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷವಾಯಿತು. ಮೊದಲ ದಿನ ನಗೆಪಾಟಲಾದ ಆ ಥ್ಯಾಂಕ್ಯೂವನ್ನು ನಾನು ಅವರಿಗೆ ಮತ್ತೆಂದೂ ಹೇಳಲಿಲ್ಲ.

ಶುಕ್ರವಾರ ಸಂಜೆಗೆ ವಾಪಸು ಬರೋಣ. ರಾಯಗೌಡನ ಮಾತು ಕೇಳಿ ನಾನು ಮಧುರಾಳನ್ನು ಕರೆದೆ. "ನಿನ್ನ ಫೋನಿನಲ್ಲಿ ಏನು ಬರೆದಿದ್ದಾರೆ ನೋಡು. ಹೊಸ ಮನೆಗೆ ಬಂದ ಕಾಕಟೀಲನ್ನು ಹೇಗೆ ಹೊಂದಿಸಬೇಕು?"

ಅವಳು ಫೋನು ತೆಗೆಯಲೇ ಇಲ್ಲ. ಬಾಯಿಪಾಠ ಒಪ್ಪಿಸಿದಳು. ಗದ್ದಲವಿಲ್ಲದ ಕೋಣೆ ಬೇಕು. ಪಂಜರ ಗೋಡೆಗೆ ತಾಗಿರಬೇಕು, ಮೂರು ಬದಿಗೆ ಬಟ್ಟೆ ಹೊದಿಸಬೇಕು. ಮೊದಲ ದಿನಗಳಲ್ಲಿ ಕೈ ಹಾಕಬಾರದು. ಎದುರಿನಿಂದ ಎರಡು ಕಣ್ಣಿಟ್ಟು ದಿಟ್ಟಿಸಿದರೆ ಬೇಟೆಗೆ ಬಂದವರು ಎಂದು ತಿಳಿಯುತ್ತವೆ. ಹತ್ತಿರ ಕೂತು ನಮ್ಮ ಪಾಡಿಗೆ ನಾವು ಏನಾದರೂ ತಿನ್ನುತ್ತಿದ್ದರೆ, ಇಲ್ಲಿ ಭಯವಿಲ್ಲ ಎಂದು ಅವೂ ತಿನ್ನುತ್ತವೆ.

"ಇಷ್ಟೆಲ್ಲ ಗೊತ್ತಿದ್ದು ಎರಡು ದಿನದಿಂದ ನನಗೆ ಯಾಕೆ ಹೇಳಲಿಲ್ಲ?"

"ತುಮ್ಹೀ ಮೋಠ್ಯಾ ನಾ. ಕಸಂ ಸಾಂಗೂ?" ನೀವು ಹಿರಿಯರು, ಹೇಗೆ ಹೇಳಲಿ?

ಹೊಸ್ತಿಲಲ್ಲಿ ಒಂದು ಸಲ ಬಾಯಿ ಬಿಟ್ಟದ್ದೇ ಸಾಕಾಗಿತ್ತು ಅವಳಿಗೆ. ತನ್ನ ಹಕ್ಕಿಗಳನ್ನು ನಾನು ಎದುರಿಗೆ ಕೂತು ಹೆದರಿಸುತ್ತಿದ್ದದ್ದನ್ನು ಬಾಗಿಲಿಗೆ ಒರಗಿ ನಿಂತು ನೋಡಿದ್ದಳು, ಮರ್ಯಾದೆಗಾಗಿ ಸುಮ್ಮನಿದ್ದಳು. ನಾನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದೆ. ಆಗಿನ್ನೂ ಅದರ ಮೇಲೆ ಪುಡಿ ಬಿದ್ದಿರಲಿಲ್ಲ.

ಪಂಜರವನ್ನು ಹಿಂದಿನ ಕೋಲಿಗೆ ಒಯ್ದೆವು. ಅದೇ ಕಾಳಿನ ಕೋಲಿ. ಈಗ ಅಲ್ಲಿ ಒಣದ್ರಾಕ್ಷಿಯ ಖಾಲಿ ಪೆಟ್ಟಿಗೆಗಳಿರುತ್ತವೆ. ಗಂಗವ್ವ ಎರಡು ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದವಳು, ತನ್ನ ಹಳೆಯ ಇಳಕಲ್ ಸೀರೆ ತಂದು, "ಇದನ್ನ ಹೊದಸ್ರಿ ಅಕ್ಕಾರ, ಮೆತ್ತಗ ಐತಿ," ಎಂದಳು. ಮಧುರಾಳ ಕಡೆ ನೋಡದೆ, "ಹಕ್ಕೀಗೆ ಹೊಗಿ ಆಗಂಗಿಲ್ಲಂತ ನನಗರೆ ಏನ ಗೊತ್ತವಾ? ನಮ್ಮ ಹಕ್ಕಿ ಎಲ್ಲಾ ಹೊಗೀಗೆ ಹೆದರೂದಿಲ್ಲ, ಡಬ್ಬೀಗೂ ಹೆದರೂದಿಲ್ಲ," ಎಂದು ಗೋಡೆಗೆ ಹೇಳಿದಳು. ಅದು ಅವಳು ಸಾರಿ ಕೇಳುವ ರೀತಿ. ರಾಯಗೌಡ ಹೊರಗಿನಿಂದಲೇ ಕೂಗಿದ, "ನಾಳೆ ಮನೀ ಕಡೆ ನಾಕ ಸಾಲಿಗೆ ಡಬ್ಬಿ ಬಡ್ಯಾಂಗಿಲ್ರಿ ವೈನಿ. ತಿಂದ್ರ ತಿನ್ನಲಿ, ಏನ ದ್ರಾಕ್ಷಿ ಪೂರಾ ಒಯ್ತಾವೇನ!" ಒಂದು ಕಾಯಿ ಹಕ್ಕಿ ಬಾಯಿಗೆ ಹೋದರೆ ಊಟ ಬಿಡುವ ಮನುಷ್ಯ ನಾಲ್ಕು ಸಾಲು ಬಿಟ್ಟುಕೊಟ್ಟ. ಈ ಮನೆಯ ಜನ ಮುಖ ಕೊಟ್ಟು ಒಳ್ಳೆಯ ಮಾತು ಆಡುವುದನ್ನು ಇನ್ನೂ ಕಲಿತಿಲ್ಲ. ಎಲ್ಲವನ್ನೂ ಗೋಡೆಗೋ ಗಾಳಿಗೋ ಹೇಳಿ ಹೋಗುತ್ತಾರೆ, ಕೇಳಬೇಕಾದವರಿಗೆ ಕೇಳಿಸುತ್ತದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಆತಂಕ ಬೇಡ. ಭಾನುವಾರ ಮಧುರಾಳ ಅಪ್ಪ ಕಾರು ತಂದರು. ವಾಪಸು ಹೋಗುವಾಗ ಹಿಂದಿನ ಸೀಟಿನಲ್ಲಿ ಹಕ್ಕಿಯೂ ಇರಲಿಲ್ಲ, ಮಗಳೂ ಇರಲಿಲ್ಲ, ರಾಯಗೌಡ ಹೇರಿದ ನಾಲ್ಕು ಪೆಟ್ಟಿಗೆ ದ್ರಾಕ್ಷಿ ಇತ್ತು. ಈಗ ಮಿಸಳ್ ಮತ್ತು ಪಾವ್ ದಿನಕ್ಕೆರಡು ತಾಸು ಪಂಜರದ ಹೊರಗೆ ಮನೆ ತುಂಬ ತಿರುಗುತ್ತವೆ. ಫ್ಯಾನ್ ಬಂದ್, ಕಿಟಕಿಗೆ ಜಾಳಿಗೆ, ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಬೇಕೆಂದು ಗಂಗವ್ವನೇ ಎಲ್ಲರಿಗೂ ಕಾನೂನು ಮಾಡಿದ್ದಾಳೆ. ಮಿಸಳನಿಗೆ ನನ್ನ ಕನ್ನಡಕದ ಕಡ್ಡಿ ಕಚ್ಚುವ ಚಟ. ಹೆಗಲ ಮೇಲೆ ಕೂತು ಕಿವಿಯ ಹತ್ತಿರ ಸಿಳ್ಳೆ ಹಾಕುತ್ತಾನೆ, ರಾಗವಿಲ್ಲ ತಾಳವಿಲ್ಲ, ಆದರೆ ಕಾನ್ಫಿಡೆನ್ಸ್ ಬಹಳ. ಪಂಜರದ ಗಿಳಿಯನ್ನು ಹೆಣ್ಣಿನ ಬಾಳಿಗೆ ಹೋಲಿಸಿ ಭಾಷಣ ಮಾಡುವವರನ್ನು ಬಹಳ ಕೇಳಿದ್ದೇನೆ. ಅಂಥವರು ಒಮ್ಮೆ ನಮ್ಮ ಮನೆಗೆ ಬರಲಿ. ಸಂಜೆ ಪಾವ್ ತಾನಾಗಿ ಪಂಜರಕ್ಕೆ ಹೋಗಿ, ಇನ್ನೂ ಯಾಕೆ ದೀಪ ಆರಿಸಿಲ್ಲ ಎಂದು ನಮ್ಮೆಲ್ಲರನ್ನೂ ಬಯ್ಯುವುದನ್ನು ನೋಡಲಿ.

ಇನ್ನು ಆ ಶನಿವಾರ ಮಧ್ಯಾಹ್ನ.

ಹೊಸ್ತಿಲ ಒಳಗೆ ಮಣೆ ಹಾಕಿಸಿಕೊಂಡೆ. ಈ ಮೊಳಕಾಲಿಗೆ ಕೂರುವುದೇ ಒಂದು ಆಪರೇಷನ್, ಮಧುರಾ ತೋಳು ಹಿಡಿದು ಕೂರಿಸಿದಳು. ಪಂಜರಕ್ಕೆ ಬೆನ್ನು ಹಾಕಿ ಕೂತೆ. ಅವಳಿಗೆ, "ನೀನೂ ಅಲ್ಲೇ ಗೋಡೆಗೆ ಒರಗಿ ಕೂಡು. ಅವುಗಳನ್ನು ನೋಡಬೇಡ," ಎಂದೆ. ಪಂಜರವೂ ಅವಳೂ ನನ್ನ ಬೆನ್ನ ಹಿಂದೆ. ಶೇಂಗಾ ಬುಟ್ಟಿ ಮುಂದಿಟ್ಟುಕೊಂಡು ಸುಲಿಯತೊಡಗಿದೆ. ಕಟ್, ಕಟ್. ಬೈಯುವುದಕ್ಕೆ ಅಂಗಳದಲ್ಲಿ ಈಗ ಕೋಳಿಗಳಿಲ್ಲ. ಆದ್ದರಿಂದ ನಿಪ್ಪಾಣಿಯ ವಖಾರಿಯ ಕಥೆ, ಡಾರ್ಮಿಟರಿ ಇಡೀ ಸೀನಿದ ಕಥೆ, ಹಾರೂಗೇರಿಯ ಎಮ್ಮೆಯ ಕಥೆ, ಎಲ್ಲವನ್ನೂ ಮರಾಠಿಯಲ್ಲಿ, ಸಣ್ಣ ದನಿಯಲ್ಲಿ, ಎದುರಿಗಿನ ಖಾಲಿ ಅಂಗಳಕ್ಕೆ ಹೇಳಿದೆ. ಎಮ್ಮೆಯ ಕಥೆಗೆ ಬೆನ್ನ ಹಿಂದೆ ಮೂಗಿನಲ್ಲಿ ನಕ್ಕ ಸದ್ದು ಕೇಳಿತು.

ಆಮೇಲೆ ಗಂಟು ಬಿಚ್ಚಿದೆ. ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಒಂದು ತಾಟಿನಲ್ಲಿ ರೊಟ್ಟಿ, ಹಿಂಡಿ, ಅರ್ಧ ಉಳ್ಳಾಗಡ್ಡಿ ಇಟ್ಟು, ತಿರುಗದೆ, ಕೈಯನ್ನಷ್ಟೇ ಹಿಂದಕ್ಕೆ ಮಾಡಿ ಸರಿಸಿದೆ. ಉಣ್ಣತೊಡಗಿದೆ. ನನಗೆ ಹಸಿವಿರಲಿಲ್ಲ. ಆದರೆ ಉಣ್ಣುವವರ ಸದ್ದು ಬೇಕಲ್ಲ, ಅದಕ್ಕಾಗಿ ಅಗಿದೆ.

ಊಟ ಮುಗಿಸಿ ಮತ್ತೆ ಸುಲಿಯತೊಡಗಿ ಎಷ್ಟು ಹೊತ್ತಾಯಿತೋ. ಕಾಲು ಜೋಮು ಹಿಡಿದಿತ್ತು. ತಿರುಗಿ ನೋಡಿಬಿಡೋಣ ಎಂದು ಕುತ್ತಿಗೆ ಎರಡು ಸಲ ತುಡಿಯಿತು. ಬೆನ್ನು ಹಾಕಿ ಕೂರುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಿಂದೆ ಯಾರು ಉಂಡರೋ, ಯಾರು ಬಿಟ್ಟರೋ, ಒಂದೂ ಕಾಣದು. ಕಿವಿಯೊಂದೇ ಆಸರೆ.

ಟಿಕ್.

ಬಹಳ ಸಣ್ಣ ಸದ್ದು. ಗಡಿಯಾರದ್ದಿರಬೇಕು ಎಂದುಕೊಂಡೆ. ಆ ಕೋಲಿಯಲ್ಲಿ ಗಡಿಯಾರವಿಲ್ಲ. ಟಿಕ್. ಟಿಕ್ ಟಿಕ್. ನವಣೆಯ ಕಾಳಿನ ಸಿಪ್ಪೆ ಕೊಕ್ಕಿನಲ್ಲಿ ಒಡೆಯುವ ಸದ್ದು. ಒಂದು ಕಡೆಯಿಂದ, ಆಮೇಲೆ ಎರಡು ಕಡೆಯಿಂದ. ನನ್ನ ಶೇಂಗಾ ಸುಲಿಯುವ ಕೈ ನಿಂತಿತು. ಮಧುರಾ ಉಸಿರು ಬಿಗಿಹಿಡಿದದ್ದು, ಆಮೇಲೆ ಬಿಟ್ಟದ್ದು ಕೇಳಿಸಿತು. ನಾನು ತಿರುಗಲಿಲ್ಲ. ಆಮೇಲೆ, ತಡವಾಗಿ, ರೊಟ್ಟಿ ಮುರಿದ ಸದ್ದು. ಇನ್ನೊಂದು ಸಲ. ನಾಲ್ಕು ದಿನದ ಹಸಿವು ನಾಚಿ ನಾಚಿ ಶುರುವಾಗಿ, ಆಮೇಲೆ ನಾಚಿಕೆ ಬಿಟ್ಟು ಉಣ್ಣುವ ಸದ್ದು. ಹಸಿ ಉಳ್ಳಾಗಡ್ಡಿ ಕರಕರ.

ಐವತ್ತು ವರ್ಷದಿಂದ ನನ್ನ ಬಳಿ ಇದ್ದದ್ದು ಅತ್ತೆಯ ಬೆನ್ನು ಮಾತ್ರ. ಹಸಿರು ಸೀರೆ, ಎಣ್ಣೆ ಹಚ್ಚಿದ ತುರುಬು, ನಿಂತ ಕೈ. ಅವತ್ತು ಆ ಬೆನ್ನಿನ ಆ ಕಡೆ ಒಂದು ಮುಖವಿತ್ತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅದೇ ಹೊಸ್ತಿಲಲ್ಲಿ, ಅದೇ ಅಂಗಳ ನೋಡುತ್ತ, ಈಗ ನನ್ನ ಮುಖ ಏನಾಗಿತ್ತೋ ಅವರದೂ ಹಾಗೇ ಆಗಿತ್ತು. ನೋಡುವುದಕ್ಕೆ ಕನ್ನಡಿ ಬೇಕಾಗಲಿಲ್ಲ. "ಥ್ಯಾಂಕ್ಯೂ ಅತ್ತಿ," ಎಂದೆ, ಸದ್ದಿಲ್ಲದೆ. ಕನ್ನಡಕ ತೆಗೆದು, ಸೆರಗಿನಿಂದ ಮುಖ ಒರೆಸಿಕೊಂಡೆ.

ಹಿಂದಿನಿಂದ ಅಗಿಯುವ ಸದ್ದು ನಿಂತಿತು. ಆಮೇಲೆ ಮಧುರಾ ಕೇಳಿದಳು, ನಮ್ಮ ಮನೆಯಲ್ಲಿ ಅವಳ ಮೊದಲ ಕನ್ನಡ.

"ಆಜೀ, ಉಳ್ಳಾಗಡ್ಡಿ ಖಾರ ಐತಿ ಕಾ?"

"ಹೂಂ," ಎಂದೆ ತಿರುಗದೆ. "ಭಾಳ ಖಾರ ಐತಿ. ಉಣ್ಣ ನೀನು."